ಯೇಸುಸ್ವಾಮಿಗೆ ಹೊತ್ತ ಉಡಿ

ಪ್ರೀತಿಯ ಅತ್ತೆ ಚಂದ್ರವ್ವನವರಿಗೆ,

ಬೆಳಗಾವಿ ಕ್ಯಾಂಪಿನ ಮನೆಯಿಂದ ನಿಮ್ಮ ಕಂಡಕ್ಟರ್ ಸೊಸೆ ಅನುರಾಧಾ ಬರೆಯುವುದು. ನಮಸ್ಕಾರ ಎಂದು ಬರೆಯಲೋ, ಚರ್ಚಿನ ಸಭೆಯವರ ಹಾಗೆ ವಂದನೆ ಎಂದು ಬರೆಯಲೋ ತಿಳಿಯದೆ ಮೊದಲ ಸಾಲಿನಲ್ಲೇ ಪೆನ್ನು ನಿಂತುಬಿಟ್ಟಿತು. ಎರಡೂ ಇರಲಿ, ನಿಮಗೆ ಬೇಕಾದದ್ದನ್ನು ಇಟ್ಟುಕೊಳ್ಳಿ.

ನೀವು ಹೇಳಿ ಕಳಿಸಿದ ಮಾತು ಮುಟ್ಟಿತು. ನನಗೊಬ್ಬಳಿಗೇ ಅಲ್ಲ, ಖಾನಾಪುರದಿಂದ ಬೆಳಗಾವಿಗೆ ಹೊರಟಿದ್ದ ನನ್ನ ಬಸ್ಸಿನಲ್ಲಿ ಕೂತಿದ್ದವರಿಗೆಲ್ಲ ಮುಟ್ಟಿತು. ನಿಮ್ಮ ತಂಗಿ ಸಾತವ್ವ ಮೌಶಿಯ ದನಿ ಎಂಥದ್ದು ಎಂದು ನಿಮಗೆ ನಾನು ಹೇಳಬೇಕೆ? ಬಸ್ ಸ್ಟ್ಯಾಂಡಿನಲ್ಲಿ ಕಿಟಕಿಯ ಕೆಳಗೆ ನಿಂತು, "ಅನು, ಅಕ್ಕ ಹೇಳ್ಯಾಳ ನೋಡವಾ. ಈಸ್ಟರಿಗೆ ನೀ ಸ್ನಾನ ತಗೊಳ್ಳೂದು ಅಕಿ ಸಲುವಾಗಿ ಆಗಿದ್ರ ಬ್ಯಾಡಂತ. ಅಕಿನ್ನ ಮೆಚ್ಚಸಾಕಂತೂ ಮೊದಲ ಬ್ಯಾಡಂತ" ಎಂದರು. ಸ್ನಾನ ಅಂದರೆ ದೀಕ್ಷಾಸ್ನಾನ ಎಂದು ಆ ಬಸ್ಸಿನಲ್ಲಿ ಎಷ್ಟು ಜನಕ್ಕೆ ಗೊತ್ತು? ಮುಂದಿನ ಸೀಟಿನ ಮುದುಕಿಯೊಬ್ಬಳು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಯವ್ವಾ, ಹಬ್ಬ ಬರೂ ತನಕ ಜಳಕಾ ಮಾಡೂದಿಲ್ಲೇನ ನೀ?" ಎಂದು ಕೇಳಿದಳು. ನಾನು ಸೀಟಿ ಊದಿ ಬಸ್ಸು ಬಿಡಿಸಿದೆ.

ನಾನು ದಿನಾ ಖಾನಾಪುರಕ್ಕೆ ಬರುವವಳು, ಒಂದು ದಿನ ಮೌಶಿಯ ಮನೆಗೇ ಬಂದು ಎದುರಿಗೆ ಹೇಳಬಹುದಿತ್ತು. ಆದರೆ ನಿಮ್ಮ ಮುಂದೆ ನಿಂತರೆ ನನ್ನ ಬಾಯಿ ಒಂದೋ ಜಗಳ ತೆಗೆಯುತ್ತದೆ, ಇಲ್ಲವೇ ಗುಳಿಗೆ ನುಂಗಿದಿರೇನು ಎಂದು ಕೇಳಿ ಸುಮ್ಮನಾಗುತ್ತದೆ. ಅದಕ್ಕೇ ಕಾಗದ. ನೀವು ಬೆಳಗಾವಿಯ ಬೋರ್ಡಿಂಗಿನಲ್ಲಿದ್ದು ಕನ್ನಡ ಕಲಿತವರು, ಮೌಶಿ ಖಾನಾಪುರದ ಮರಾಠಿ ಸಾಲಿಯಲ್ಲಿ ಕಲಿತವರು. ಹಾಗಾಗಿ ಇದನ್ನು ಅವರ ಕೈಯಲ್ಲಿ ಧೈರ್ಯವಾಗಿ ಕೊಡಬಹುದು. ತೆರೆದು ನೋಡಿದರೂ ಓದಲಾರರು.

ನಿಮ್ಮ ಸಲುವಾಗಿಯೋ, ಅಲ್ಲವೋ. ನೀವು ಕೇಳಿದ್ದು ಇಷ್ಟೇ, ಸರಿಯಾದದ್ದನ್ನೇ ಕೇಳಿದ್ದೀರಿ. ನನ್ನನ್ನು ಸಿಟ್ಟಿಗೆಬ್ಬಿಸಿದ್ದು ಪ್ರಶ್ನೆಯಲ್ಲ, ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲದಿದ್ದದ್ದು. ಮೊದಲಿನಿಂದ ಬರೆಯುತ್ತಾ ಬಂದರೆ ಎಲ್ಲಾದರೂ ಸಿಕ್ಕೀತು ಎಂದು ಕೂತಿದ್ದೇನೆ. ತಲೆ ಸಾಪಾಗಿಲ್ಲ, ಬರಹವೂ ಸಾಪಾಗಿರುವುದಿಲ್ಲ.

ನಿಮ್ಮ ಮಗ ಪಾಸು ತೋರಿಸುವ ನೆಪದಲ್ಲಿ ಮುಖ ತೋರಿಸಿ ನನ್ನನ್ನು ಮದುವೆಯಾದವರು. ಪಾರಿಶ್ವಾಡದ ಕಡೆಯ, ಕುರಿ ಸಾಕುವ ಮನೆಯ ಮಗಳು ನಾನು. ನನ್ನವ್ವ ಫಕೀರವ್ವ, ಮಗಳನ್ನು ಕ್ರಿಸ್ತಾನರು ಕಸಿದುಕೊಂಡರು ಎಂದು ಊರಿಗೆಲ್ಲ ಕೇಳುವಂತೆ ಅತ್ತಳು. ಆಗ ನೀವು ಒಬ್ಬರೇ ಬಸ್ಸು ಹತ್ತಿ ನಮ್ಮ ಹಳ್ಳಿಗೆ ಹೋಗಿ, ನಮ್ಮ ಹಿತ್ತಿಲಲ್ಲಿ ಕಂಬಳಿಯ ಮೇಲೆ ಕೂತು, "ನಿಮ್ಮ ಮಗಳನ್ನ ನಾವು ಒಯ್ದಿಲ್ಲರಿ. ನಮ್ಮ ಹುಡುಗನ್ನ ನಿಮಗ ಕೊಟ್ಟೀವಿ, ಬಡದು ಬುದ್ಧಿ ಹೇಳ್ರಿ" ಅಂದಿರಂತೆ. ಅವ್ವ ಅಳು ನಿಲ್ಲಿಸಿ ಮಜ್ಜಿಗೆ ತಂದುಕೊಟ್ಟಳಂತೆ. ಇದನ್ನು ನೀವು ನನಗೆ ಹೇಳಲೇ ಇಲ್ಲ, ಅವ್ವನೇ ಹೇಳಿದ್ದು.

ನಿಮ್ಮ ಜೊತೆ ಮೊದಲ ಸಲ ಚರ್ಚಿಗೆ ಬಂದ ಭಾನುವಾರ ಹಣೆಯ ತುಂಬ ಕುಂಕುಮ ಇಟ್ಟುಕೊಂಡು ಬಂದಿದ್ದೆ. ಸಭೆಯ ಪದ್ಮಶ್ರೀ ಟೀಚರು ನಿಮ್ಮನ್ನು ಬಾಜೂಕ್ಕೆ ಕರೆದು ಪಿಸುಗುಟ್ಟಿದರು. ನೀವು ಪಿಸುಗುಟ್ಟಲಿಲ್ಲ. "ಅಕಿ ಹಣಿ ಅಕಿದು. ನಿಮ್ಮ ಕಣ್ಣಿಗೆ ಚುಚ್ಚಿದ್ರ ಕಣ್ಣ ಮುಚ್ಚಿ ಪ್ರಾರ್ಥನಿ ಮಾಡ್ರಿ" ಎಂದಿರಿ. ಅವತ್ತು ನಾನು ನಿಮ್ಮ ದೇವರನ್ನು ನಂಬಲಿಲ್ಲ, ನಿಮ್ಮನ್ನು ನಂಬಿದೆ. ನನ್ನ ಮಟ್ಟಿಗೆ ದೇವರು ಅಂದರೆ ಬಸ್ಸಿನ ಮುಂದಿನ ಫೋಟೋ. ಡ್ರೈವರ್ ಊದುಬತ್ತಿ ಹಚ್ಚುತ್ತಾನೆ, ನಾನು ಕೈ ಮುಗಿಯುತ್ತೇನೆ, ಬಸ್ಸು ಹೊರಡುತ್ತದೆ. ಊರಿನ ದ್ಯಾಮವ್ವನಿಗೆ ಅವ್ವನ ಜೊತೆ ಹೋಗಿ ಬರುತ್ತಿದ್ದೆ, ಹೋಗದಿದ್ದರೆ ಅವ್ವ ಬೈಯುತ್ತಾಳೆ ಎಂದು. ನೀವು ಇಷ್ಟು ವರ್ಷದಲ್ಲಿ ನನ್ನನ್ನು ಒಂದು ಸಲವೂ ಕರೆಯಲಿಲ್ಲ. ಯಾಕೆ ಎಂದು ಕೇಳಿದಾಗ, "ಕರದ್ರ ಬರೂದಲ್ಲವಾ ಅದು" ಎಂದು ಸೊಪ್ಪು ಸೋಸುವುದನ್ನು ಮುಂದುವರಿಸಿದಿರಿ.

ಬುಧವಾರ ಬಂದರೆ ನೀವು ಮನೆಯಲ್ಲಿ ಇರುತ್ತಿರಲಿಲ್ಲ. ನೆಹರು ನಗರದ ದವಾಖಾನೆಗೆ ಹೋಗಿ ಯಾರ್ಯಾರದೋ ಹಾಸಿಗೆಯ ಪಕ್ಕ ಕೂತು, ಕೈ ಹಿಡಿದು, "ಅಂಜಬ್ಯಾಡ, ಅವ ನಿನ್ನ ಮಗ್ಗಲದಾಗ ಅದಾನ" ಎನ್ನುತ್ತಿದ್ದಿರಿ. ಯಾವ ಜಾತಿ ಎಂದು ಕೇಳುತ್ತಿರಲಿಲ್ಲ. ನಿಮಗೆ ಹೇಗೆ ಗೊತ್ತು ಎಂದು ನಾನು ಒಮ್ಮೆ ತಮಾಷೆ ಮಾಡಿದ್ದಕ್ಕೆ, "ಗೊತ್ತಿರೂದಲ್ಲ, ಅದಾನ ಅಷ್ಟ" ಎಂದಿರಿ. ನಿಮ್ಮ ಮಗ ಕ್ರಿಸ್ತಿಯನ್ ಆಗಿ ಹುಟ್ಟಿದ್ದೊಂದು ಬಿಟ್ಟರೆ ಆ ಬಾಬತ್ತಿನಲ್ಲಿ ಬೇರೇನೂ ಕೆಲಸ ಮಾಡಿದವರಲ್ಲ, ಅವರು ಟಿವಿ ನೋಡುತ್ತಾ ನಕ್ಕರು. ನಾನೂ ನಕ್ಕೆ.

ಆಮೇಲೆ ಹೋದ ಮಳೆಗಾಲ ಬಂತು. ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದ ನಿಮ್ಮ ಕೈ ನಿಂತಿತು, ಬಾಯಿ ಒಂದು ಕಡೆ ಹೋಯಿತು. ಲಕ್ವಾ ಹೊಡೆದಿದೆ ಎಂದು ಮೊದಲು ಹೇಳಿದ್ದು ಪಕ್ಕದ ಮನೆಯ ದಿಲಶಾದ. ಅವಳ ಗಂಡನ ರಿಕ್ಷಾದಲ್ಲಿ ನಿಮ್ಮನ್ನು ಒರಗಿಸಿಕೊಂಡು ನೆಹರು ನಗರಕ್ಕೆ ಹೋದೆವು. ಸಭೆಯವರೆಲ್ಲ ಬಂದರು. ನಿಮ್ಮ ಮಂಚದ ಸುತ್ತ ನಿಂತು ಒಬ್ಬರಾದ ಮೇಲೆ ಒಬ್ಬರು ಪ್ರಾರ್ಥನೆ ಮಾಡಿದರು. ನೀವು ಕಣ್ಣು ಮುಚ್ಚಿಕೊಂಡಿದ್ದಿರಿ. ಎಲ್ಲರೂ, "ನೋಡ್ರಿ, ಎಂಥಾ ಶಾಂತಿ ಐತಿ ಮುಖದ ಮ್ಯಾಲ" ಎಂದುಕೊಂಡು ಹೋದರು.

ಅವರು ಹೋದ ಮೇಲೆ, ನಿಮ್ಮ ಮಗ ಔಷಧ ತರಲು ಕೆಳಗೆ ಇಳಿದಿದ್ದಾಗ, ನೀವು ಎಡಗೈಯಿಂದ ನನ್ನ ಸೆರಗು ಜಗ್ಗಿದಿರಿ. ಮಾತು ಇನ್ನೂ ತೊದಲುತ್ತಿತ್ತು. ಮೊದಲ ಸಲ ತಿಳಿಯಲಿಲ್ಲ, ಎರಡನೇ ಸಲ ತಿಳಿಯಿತು. "ಎಲ್ಲಾರೂ ಕರದ್ರು. ನಾನೂ ಕರದೆ ಅನು. ಯಾರೂ ಇಲ್ಲ." ಮತ್ತೆ ಸೆರಗು ಜಗ್ಗಿ, "ಎಷ್ಟ ಮಂದಿಗೆ ಸುಳ್ಳ ಹೇಳೇನಿ ನಾ. ಸಾಯೋ ಮಂದಿಗೆ" ಎಂದಿರಿ. ನಿಮ್ಮ ಕಣ್ಣೀರು ಒರೆಸಿದ್ದು ನನ್ನ ಸಮವಸ್ತ್ರದ ಸೆರಗು.

ನನಗೆ ಆಗ ಏನಾಯಿತು ಎಂದು ನಿಮಗೆ ಹೇಳಿಲ್ಲ. ನಂಬದವಳಿಗೆ ಇದರಿಂದ ಏನೂ ಆಗಬಾರದಿತ್ತು. ಆದರೆ ಕಾಲ ಕೆಳಗಿನ ನೆಲ ಹೋದ ಹಾಗಾಯಿತು. ಮನೆಯಲ್ಲಿ ಒಬ್ಬರು ನಂಬಿಕೊಂಡಿದ್ದಾರೆ ಎಂಬ ಧೈರ್ಯದ ಮೇಲೆ ನಾನು ಇಷ್ಟು ದಿನ ನಂಬದೆ ಆರಾಮಾಗಿದ್ದೆ ಎಂದು ಆಗ ಗೊತ್ತಾಯಿತು. ಹೆದರಿಕೆಯಾಯಿತು ಅತ್ತೆ. ಮಂಚದ ಸರಳು ಹಿಡಿದುಕೊಂಡು, ಯಾರು ಕೇಳುತ್ತಾರೆ ಬಿಡುತ್ತಾರೆ ನೋಡದೆ, "ಯೇಸಪ್ಪಾ, ಈಕಿನ್ನ ಎಬ್ಬಿಸಿ ಕುಂದರಸು. ಕುಂದರಸಿದ್ರ ಹಸರ ಖಣ, ಕಾಯಿ, ಅಕ್ಕಿ, ಉತ್ತತ್ತಿ ತಂದು ನಿನಗ ಉಡಿ ತುಂಬತೀನಿ" ಎಂದುಬಿಟ್ಟೆ.

ನನಗೆ ಗೊತ್ತಿದ್ದ ಬೇಡಿಕೆ ಅದೊಂದೇ. ನಮ್ಮವ್ವ ದ್ಯಾಮವ್ವನಿಗೆ ಬೇಡುವುದು ಹಾಗೆ, ನಮ್ಮಜ್ಜಿ ಬೇಡಿದ್ದು ಹಾಗೆ. ದೇವಿಗೆ, ಮುತ್ತೈದೆಗೆ ತುಂಬುವ ಉಡಿಯನ್ನು ನಾನು ಗಡ್ಡದ ದೇವರಿಗೆ ಹೊತ್ತಿದ್ದೆ. ನೀವು ಕಣ್ಣು ತೆರೆದು ನನ್ನನ್ನು ನೋಡಿದಿರಿ. ಅರ್ಧ ಮುಖ ಮಾತ್ರ ನಿಮ್ಮ ಮಾತು ಕೇಳುತ್ತಿತ್ತು, ಆ ಅರ್ಧ ಮುಖ ನಕ್ಕಿತು. "ಅಂವಗ... ಉಡಿ?" ಎಂದು ಕೇಳಿ, ನಗು ತಡೆಯಲಾರದೆ ಕೆಮ್ಮು ಹತ್ತಿ, ನರ್ಸಮ್ಮ ಓಡಿ ಬಂದು ನನ್ನನ್ನು ಹೊರಗೆ ಕಳಿಸಿದಳು. ಹೊರಗೆ ನಿಂತು ನಾನು ಅತ್ತುಬಿಟ್ಟೆ. ನಾಚಿಕೆಗೋ ಸಂತೋಷಕ್ಕೋ ಈಗಲೂ ತಿಳಿಯದು.

ನೀವು ಎದ್ದು ಕೂತಿರಿ. ಗೋಡೆ ಹಿಡಿದು ನಡೆದಿರಿ. ಮಾತು ತಿರುಗಿ ಬಂತು, ನನ್ನ ಚಹಾಕ್ಕೆ ಹೆಸರಿಡುವಷ್ಟು ಚೆನ್ನಾಗಿ ಬಂತು. ಆದರೆ ಚರ್ಚಿಗೆ ಹೋಗಲಿಲ್ಲ. ಕಾಲಲ್ಲಿ ಬಲ ಇಲ್ಲ ಎಂದಿರಿ. ಚರ್ಚಿನ ಅಯ್ಯನವರು ಮನೆಗೇ ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ ತಂದಾಗ ನುಂಗಲು ಆಗುವುದಿಲ್ಲ ಎಂದು ಕೈ ಆಡಿಸಿದಿರಿ. ಬೆಳಿಗ್ಗೆ ನೀವು ಒಣಗಿದ ಗಟ್ಟಿ ಕಟಿ ರೊಟ್ಟಿ ತಿಂದದ್ದು ಆ ಕೋಣೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ನಾನು ಅಡುಗೆಮನೆಗೆ ಹೋಗಿ ನಿಂತೆ. ಆಮೇಲೆ ಹವಾ ಬದಲಾಗಲಿ ಎಂದು ಹೇಳಿ ಖಾನಾಪುರಕ್ಕೆ ತಂಗಿಯ ಮನೆಗೆ ಹೋದಿರಿ. ಅಲ್ಲಿ ಯಾರೂ ಭಾನುವಾರ ಬಾಗಿಲು ಬಡಿಯುವುದಿಲ್ಲ.

ನೀವೇನೋ ಹೋದಿರಿ, ಹರಕೆ ನನ್ನ ಕೊರಳಲ್ಲಿ ಉಳಿಯಿತು. ಅವ್ವನಿಗೆ ಹೇಳಿದೆ. ಅವಳು ನಗುತ್ತಾಳೆ ಎಂದುಕೊಂಡಿದ್ದೆ, ನಗಲಿಲ್ಲ. "ಹರಕಿ ಅಂದ್ರ ಹರಕಿ. ದೇವರು ಗಂಡಸರ ಇರಲಿ ಹೆಂಗಸರ ಇರಲಿ, ಬಾಯಿ ಬಿಟ್ಟ ಮ್ಯಾಲ ತೀರಸಬೇಕು" ಎಂದು ಪಾರಿಶ್ವಾಡದ ಸಂತೆಯಿಂದ ತಾನೇ ಹಸಿರು ಖಣ ತಂದುಕೊಟ್ಟಳು. ನನ್ನನ್ನು ಚರ್ಚಿಗೆ ಅಟ್ಟಿದವಳು ಫಕೀರವ್ವ. ಇದನ್ನು ಯಾರಿಗಾದರೂ ಹೇಳಿದರೆ ನಂಬುತ್ತಾರೆಯೇ?

ಅಯ್ಯನವರ ಬಳಿ ಹೋಗಿ ಕೇಳಿದೆ. ಬೀದರ ಕಡೆಯ ಹುಡುಗ ಮನುಷ್ಯ, ಪಾಪ, ಇಂಥದ್ದನ್ನು ಅವರಿಗೆ ಯಾರೂ ಕಲಿಸಿರಲಿಲ್ಲ. "ತಂಗಿ, ನಮ್ಮಲ್ಲಿ ಹಂಗ ಹರಕಿ ಇಲ್ಲ. ಅವ ಲಂಚ ತಗೊಂಡು ಕೊಡಾಂವಲ್ಲ" ಎಂದರು. ಲಂಚ ಅಲ್ಲರಿ, ಮಾತು ಕೊಟ್ಟೀನಿ ಎಂದೆ. ಅವರು ಬಹಳ ಹೊತ್ತು ತಲೆ ಕೆರೆದುಕೊಂಡು, "ಸುಗ್ಗಿ ಹಬ್ಬದಾಗ ಎಲ್ಲಾರೂ ಬೆಳದದ್ದು ತಂದು ಇಡತಾರಲ್ಲ, ನೀನೂ ಇಡು" ಎಂದರು.

ಸುಗ್ಗಿ ಹಬ್ಬದ ಭಾನುವಾರ ಹೋಗಿ ಇಟ್ಟೆ. ಕುಂಬಳಕಾಯಿ, ಗೆಣಸು, ಭತ್ತದ ತೆನೆಗಳ ನಡುವೆ ನನ್ನ ಹಸಿರು ಖಣ, ಅದರಲ್ಲಿ ಕಟ್ಟಿದ ಅಕ್ಕಿ, ಕಾಯಿ, ಉತ್ತತ್ತಿ, ಅರಿಶಿನ ಕೊಂಬು. ಆರಾಧನೆ ಮುಗಿದು, ಬಂದ ಕಾಣಿಕೆಗಳನ್ನೆಲ್ಲ ಸಭೆಯ ಹಿರಿಯರಾದ ರಾಯಪ್ಪನವರು ಪ್ರತಿ ವರ್ಷದಂತೆ ಹರಾಜಿನ ಸವಾಲು ಕೂಗಲು ಎತ್ತಿ ಎತ್ತಿ ತೋರಿಸುತ್ತಿದ್ದರು. ಕುಂಬಳಕಾಯಿ ಹೋಯಿತು, ಹುಂಜ ಹೋಯಿತು. ನನ್ನ ಗಂಟು ಅವರ ಕೈಗೆ ಬಂತು. ಬಿಚ್ಚಿ ನೋಡಿ, "ಇದ್ಯಾರದ್ರಿ? ಯೇಸುಸ್ವಾಮಿಗೆ ಕುಪ್ಪಸದ ಖಣ ತಂದವರು ಯಾರು?" ಎಂದರು. ಇಡೀ ಚರ್ಚು ನಕ್ಕಿತು. ನಿಮ್ಮ ಮಗ ನನ್ನ ಮುಖ ನೋಡಿ ತಮ್ಮ ಚಪ್ಪಲಿ ನೋಡಿಕೊಂಡರು.

ತುಂಬಿದ ಬಸ್ಸಿನಲ್ಲಿ ಗಂಡಸರ ಕಾಲರ್ ಹಿಡಿದು ಕೆಳಗಿಳಿಸುವವಳು ನಾನು, ಅವತ್ತು ಸೆರಗಿನಲ್ಲಿ ಮುಖ ಮರೆಸಿಕೊಂಡೆ. ಆದರೂ ಎದ್ದೆ. "ಅದು ನಂದರಿ" ಎಂದೆ. ದವಾಖಾನೆಯಲ್ಲಿ ಹೆದರಿ ಬೇಡಿಕೊಂಡದ್ದು, ಬೇಡುವ ಬೇರೆ ರೀತಿ ನನಗೆ ಗೊತ್ತಿಲ್ಲದ್ದು, ಅತ್ತೆ ಎದ್ದು ಕೂತದ್ದು, ಅವ್ವ ಖಣ ತಂದುಕೊಟ್ಟದ್ದು ಎಲ್ಲ ಹೇಳಿದೆ. ನಗು ಎಲ್ಲಿ ನಿಂತಿತೋ ಗೊತ್ತಾಗಲಿಲ್ಲ. ಅಯ್ಯನವರು ರಾಯಪ್ಪನವರ ಕೈಯಿಂದ ಗಂಟು ಇಸಿದುಕೊಂಡು ಭೋಜನದ ಮೇಜಿನ ಮೇಲೆ ಇಟ್ಟರು. ಪ್ರಾರ್ಥನೆ ಮಾಡಿ ಕೆಳಗಿಳಿಸಿದ ಮೇಲೆ ಅದನ್ನು ಸವಾಲಿನಲ್ಲಿ ಪಟ್ಟು ಹಿಡಿದು ತೆಗೆದುಕೊಂಡವರು ಪದ್ಮಶ್ರೀ ಟೀಚರು. ಕುಪ್ಪಸ ಹೊಲಿಸಿಕೊಂಡು ಹಾಕಿಕೊಂಡು ಬಂದು, ಬಣ್ಣ ಬಿಡಲಿಲ್ಲ, ಚಲೋ ಖಣ ಎಂದರು.

ನಾನು ಎಲ್ಲ ಹೇಳಿದ್ದೆ, ನೀವು ಸೆರಗು ಜಗ್ಗಿ ಹೇಳಿದ್ದೊಂದನ್ನು ಬಿಟ್ಟು. ಅದನ್ನು ನಿಮ್ಮ ಮಗನಿಗೂ ಹೇಳಿಲ್ಲ, ಹೇಳುವುದೂ ಇಲ್ಲ. ಆದರೆ ಅದರಿಂದಾದ ಫಜೀತಿ ನೋಡಿ. ಚರ್ಚಿನ ಬಾಗಿಲಲ್ಲಿ ಒಬ್ಬೊಬ್ಬರೂ ನನ್ನ ಕೈ ಹಿಡಿದು, ಚಂದ್ರವ್ವನ ನಂಬಿಗಿ ದೊಡ್ಡದು, ಆಕೆಯ ನಂಬಿಗಿಯೇ ಆಕೆಯನ್ನ ಎಬ್ಬಿಸಿತು ಎಂದರು. ನಾನು ಹೂಂ ಎಂದೆ. ನಿಮ್ಮಲ್ಲಿ ಇಲ್ಲದ್ದನ್ನು ನಿಮಗೆ ಕೊಟ್ಟು ಹೊಗಳುತ್ತಿದ್ದಾರೆ, ನಾನು ತಲೆ ಆಡಿಸುತ್ತಿದ್ದೇನೆ. ಹಾಗಾದರೆ ಕೇಳಿದ್ದು ಯಾರನ್ನು, ಕೇಳಿಸಿಕೊಂಡದ್ದು ಯಾರ ಮಾತು? ನಂಬಿಕೆ ಇದ್ದವರು ಕರೆದಾಗ ಯಾರೂ ಇರಲಿಲ್ಲವಂತೆ. ಇಲ್ಲದವಳು ಉಡಿ ತುಂಬುತ್ತೇನೆ ಅಂದಾಗ ಇದ್ದನೇ? ಇದು ಎಲ್ಲಿಯ ನ್ಯಾಯ ಎಂದು ರಿವರ್ಸ್ ಸೀಟಿ ಊದುವಾಗಲೂ ಅದೇ ಯೋಚನೆ.

ಅಷ್ಟರಲ್ಲಿ ಇನ್ನೊಂದು ಗೊತ್ತಾಯಿತು. ನಮ್ಮವ್ವ ದ್ಯಾಮವ್ವನಿಗೂ ಉಡಿ ಹೊತ್ತಿದ್ದಳು, ಅದನ್ನೂ ತೀರಿಸಿ ಬಂದಿದ್ದಳು. ದಿಲಶಾದ ದರ್ಗಾಕ್ಕೆ ಚಾದರ ಹೊತ್ತಿದ್ದಳು, ಅದೂ ತೀರಿತ್ತು. ಡಾಕ್ಟರರು, ಬೇಗ ಕರೆತಂದಿರಿ, ಇಂಜೆಕ್ಷನ್ ಹಿಡಿಯಿತು ಎಂದರು. ನೀವು ಎದ್ದದ್ದಕ್ಕೆ ಇಷ್ಟು ಜನ ಹಕ್ಕುದಾರರು. ದಿಲಶಾದಳ ಮುಂದೆ ತಲೆ ಕೆಡಿಸಿಕೊಂಡು ಕೂತರೆ ಅವಳು, "ಯಾರ್ ಕೊಟ್ರ ಏನ್ ಅಕ್ಕಾ, ಚಂದ್ರವ್ವ ಖಾಲಾ ಕುಂತು ಚಹಾ ಕುಡ್ಯಾಕತ್ತಾರ. ಹಂಚಿಕಿ ಮ್ಯಾಲಿನವರು ಮಾಡಕೊಳ್ಳಲಿ" ಎಂದು ಬಟ್ಟೆ ಒಣಹಾಕಲು ಹೋದಳು. ಅವಳ ಮಾತು ಸರಿ ಎನಿಸಿತು. ನೀವು ಗುಣವಾದದ್ದನ್ನು ಹಿಡಿದುಕೊಂಡು ನಾನು ನಂಬಲಾರೆ ಎಂದು ಅವತ್ತೇ ತೀರ್ಮಾನವಾಯಿತು. ಹರಕೆ ತೀರಿತು, ಇನ್ನು ಚರ್ಚಿಗೂ ನನಗೂ ಏನು ಸಂಬಂಧ ಎಂದುಕೊಂಡೆ.

ಮುಂದಿನ ಭಾನುವಾರ ಮತ್ತೆ ಹೋಗಿ ಕೂತಿದ್ದೆ. ಯಾಕೆ ಎಂದು ಕೇಳಬೇಡಿ. ನಿಮ್ಮ ಮಗ, "ಹರಕಿ ಮುಗೀತಲ್ಲ, ಈಗ್ಯಾಕ?" ಎಂದು ಕೇಳಿದ್ದಕ್ಕೆ ನಾನು ಅವರನ್ನು ಮಧ್ಯಾಹ್ನದ ತನಕ ಮಾತಾಡಿಸಲಿಲ್ಲ.

ಈಗ ಬಂಡೆಪ್ಪನ ವಿಷಯ. ಬುಧವಾರ ಡಯಾಲಿಸಿಸಿಗೆ ಬರುವ, ಖಾನಾಪುರ ಕಡೆಯ ಕುರಿಗಾರ ಮುದುಕ ನಿಮಗೆ ನೆನಪಿರಬೇಕು. ನನ್ನ ವಾರದ ರಜೆ ಬುಧವಾರಕ್ಕೆ ಬಿದ್ದಾಗ, ನೀವು ಬರುವುದಿಲ್ಲ ಎಂದಾದರೂ ಅಲ್ಲಿಯವರಿಗೆ ಹೇಳಿ ಬರೋಣ ಎಂದು ದವಾಖಾನೆಗೆ ಹೋದೆ. ಬಂಡೆಪ್ಪನಿಗೆ ಹೇಳಲು ನಾಲ್ಕು ಸಲ ಕೂಗಬೇಕಾಯಿತು. ಕಿವಿ ಪೂರಾ ಮಂದ. ಕೇಳಿಸಿದ ಮೇಲೆ ಅತ್ತ. ಅವನ ಕಿವಿಯ ಹತ್ತಿರ ಬಾಗಿ, ಚಂದ್ರವ್ವ ಏನು ಹೇಳುತ್ತಿದ್ದರು ನಿನಗೆ ಎಂದು ಕೇಳಿದೆ. ನಿಮ್ಮ ಆ ಮಾತು, ಸುಳ್ಳು ಹೇಳಿದೆ ಅಂದದ್ದು, ನನ್ನನ್ನು ಬಿಟ್ಟಿರಲಿಲ್ಲ. ಅವನು, "ಏನ್ ಹೇಳತಿದ್ಲೊ ಯಾರಿಗೆ ಗೊತ್ತವಾ, ನನಗೆಲ್ಲಿ ಕೇಳಸತೈತಿ. ಬಂದು ಕುಂದರತಿದ್ಲು. ಮಶಿನ್ ತಿರಗಿ ನಿಲ್ಲೂ ತನಕ ಕುಂದರತಿದ್ಲು. ನನ್ನ ಮಕ್ಕಳೂ ಅಷ್ಟ ಕುಂತಿಲ್ಲ" ಎಂದ. ಆಮೇಲೆ, "ನೀನೂ ಕುಂದ್ರು, ಅವಸರ ಐತೇನ?" ಎಂದ.

ಕೂತೆ. ಪ್ರಾರ್ಥನೆ ಮಾಡಲಿಲ್ಲ. ಮಾಡಿದರೆ ಮತ್ತೆ ಉಡಿಯೋ ಜೋಳಿಗೆಯೋ ಏನಾದರೂ ಬಾಯಿಗೆ ಬರುತ್ತಿತ್ತು. ಬೇಡಲು ನನಗೆ ಏನೂ ಇರಲಿಲ್ಲ. ನೀವು ಎದ್ದಿದ್ದಿರಿ, ಹರಕೆ ತೀರಿತ್ತು, ಈ ಮುದುಕ ವಾಸಿಯಾಗುವವನಲ್ಲ. ಅವನ ಒರಟು ಕೈ ಹಿಡಿದುಕೊಂಡು ಯಂತ್ರ ತಿರುಗುವುದನ್ನು ನೋಡುತ್ತಾ ಕೂತೆ.

ಹೇಗೆ ಹೇಳಲಿ. ಬಸ್ಸು ಎಷ್ಟೇ ಕಿಕ್ಕಿರಿದಿರಲಿ, ಹಿಂದಿನ ಬಾಗಿಲಿನಿಂದ ಯಾರಾದರೂ ಹತ್ತಿದರೆ ನನಗೆ ತಿರುಗಿ ನೋಡದೆ ಗೊತ್ತಾಗುತ್ತದೆ. ಸಪ್ಪಳ ಕೇಳಿ ಅಲ್ಲ, ಮೆಟ್ಟಿಲು ಅಲುಗಿ ಅಲ್ಲ, ಸುಮ್ಮನೆ ಗೊತ್ತಾಗುತ್ತದೆ. ಆ ಹೊತ್ತಿನಲ್ಲಿ ಹಾಗೆ ಗೊತ್ತಾಯಿತು. ಅಲ್ಲಿ ಇದ್ದದ್ದು ಬಂಡೆಪ್ಪ ಮತ್ತು ನಾನು. ಇಬ್ಬರೇ ಇದ್ದೇವೆ ಎನಿಸಲಿಲ್ಲ. ಇನ್ನೊಬ್ಬರು ಬಹಳ ಹೊತ್ತಿನಿಂದ ಅಲ್ಲೇ ಕೂತಿದ್ದರು, ನಾನು ಈಗ ಬಂದವಳು, ಅಷ್ಟೇ. ಬೆಳಕು ಗಿಳಕು ಏನೂ ಇರಲಿಲ್ಲ. ನರ್ಸಮ್ಮ ಬಂದು ಸೂಜಿ ತೆಗೆದಳು. ನಾನು ಹೊರಗೆ ಬಂದು ಭಜಿ ತಿಂದೆ.

ಅದು ಏನೂ ಅಲ್ಲದೆಯೂ ಇರಬಹುದು. ಬೆಳಿಗ್ಗೆಯಿಂದ ಉಂಡಿರಲಿಲ್ಲ. ನಿಮ್ಮ ಮಾತು ತಲೆಯಲ್ಲಿ ಕೊರೆಯುತ್ತಿತ್ತು, ಅದಕ್ಕೆ ಉತ್ತರ ಬೇಕು ಎಂದು ಮನಸ್ಸೇ ಕಟ್ಟಿಕೊಂಡಿರಬಹುದು. ಎಷ್ಟೋ ಬುಧವಾರ ಮತ್ತೆ ಹೋಗಿ ಕೂತಿದ್ದೇನೆ, ಕೆಲವು ಸಲ ಬರೀ ಬೆನ್ನು ನೋವು ಬಂದಿದೆ. ಅಯ್ಯನವರ ಬಳಿ, ನಿಮ್ಮ ಹೆಸರು ಹೇಳದೆ, ಕರೆದಾಗ ಯಾರೂ ಇಲ್ಲ ಅನ್ನಿಸಿದವರ ಗತಿಯೇನು ಎಂದು ಕೇಳಿದೆ. ಸಿಟ್ಟು ಮಾಡಲಿಕ್ಕಾದರೂ ಅವನು ಇರಬೇಕಲ್ಲ ತಂಗಿ ಎಂದರು. ಜಾಣ ಉತ್ತರ, ನನಗೆ ಸೇರಲಿಲ್ಲ. ನೀವು ಸಿಟ್ಟಿನಲ್ಲಿ ಹೇಳಿರಲಿಲ್ಲ, ದಣಿದು ಹೇಳಿದ್ದಿರಿ. ನಾನು ವಾದ ಮಾಡಲಿಲ್ಲ, ದೀಕ್ಷಾಸ್ನಾನಕ್ಕೆ ನನ್ನ ಹೆಸರು ಬರೆದುಕೊಳ್ಳಿ ಎಂದೆ. ಯಾಕೆ ಹಾಗೆಂದೆನೋ, ಬಾಯಿಂದ ಬಂದೇಬಿಟ್ಟಿತು. ಅವರೇ ಗಾಬರಿಯಾಗಿ, ಅವಸರ ಬೇಡ, ಯೋಚನೆ ಮಾಡು ಎಂದರು.

ಅವ್ವನಿಗೆ ಹೇಳಿದ ದಿನದಿಂದ ಅವಳು ನನ್ನ ಜೊತೆ ಮಾತು ಬಿಟ್ಟಿದ್ದಾಳೆ. "ಹರಕಿ ತೀರಸಂದೆ. ತವರ ದೇವರನ್ನ ಬಿಟ್ಟು ಹೋಗಂದ್ನೇನ?" ಎಂದವಳು ಫೋನು ಇಟ್ಟಳು. ದ್ಯಾಮವ್ವನ ಗುಡಿಯ ಮುಂದೆ ಅವಳು ನಿಂತಾಗ ನಾನು ಎಲ್ಲಿ ನಿಲ್ಲಬೇಕು, ಚಪ್ಪಲಿ ಬಿಟ್ಟು ಒಳಗೆ ಹೋಗಬೇಕೋ ಹೊರಗೆ ಕಾಯಬೇಕೋ, ಗೊತ್ತಿಲ್ಲ. ಹಣೆಯ ಕುಂಕುಮದ್ದೂ ಗೊತ್ತಿಲ್ಲ. ಒಂದು ಕಡೆ ಕಾಲಿಟ್ಟರೆ ಇನ್ನೊಂದು ಕಡೆ ನೋವಾಗುತ್ತದೆ. ಇಷ್ಟರ ನಡುವೆ ಬಂತು ನಿಮ್ಮ ಮಾತು, ನನ್ನ ಸಲುವಾಗಿ ಆದರೆ ಬೇಡ ಎಂದು.

ಬಸ್ಸು ಖಾನಾಪುರ ಬಿಟ್ಟ ಮೇಲೆ ಮೊದಲು ನನಗೆ ಹಗುರವಾಯಿತು. ಮುಗಿಯಿತು, ಚಂದ್ರವ್ವನವರೇ ಬೇಡ ಅಂದರು. ಅವ್ವ ಮಾತಾಡುತ್ತಾಳೆ, ಡಿಪೋದಲ್ಲಿ ಗುಸುಗುಸು ನಿಲ್ಲುತ್ತದೆ, ಬುಧವಾರದ ರಜೆಗೆ ಬಟ್ಟೆ ಒಗೆಯಬಹುದು. ಅಯ್ಯನವರಿಗೆ ಈಗಲೇ ಹೇಳಿಬಿಡೋಣ ಎಂದು ಫೋನು ಕೈಗೆ ತಗೊಂಡೆ. ದೇಸೂರಿನಲ್ಲಿ ಜನ ಹತ್ತಿದರು, ಇಳಿದರು. ನಾನು ಟಿಕೆಟು ಹರಿದು ಕೊಡುತ್ತಾ ಅಳುತ್ತಿದ್ದೆ. ಜಳಕದ ಮುದುಕಿ ತನ್ನ ಸೀಟು ಬಿಟ್ಟು ನನ್ನನ್ನು ಕೂರಿಸಿದಳು. ನಿಮ್ಮ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಇದು ನನ್ನದು, ಬೇಡ ಅನ್ನಲು ನೀವು ಯಾರು, ನಿಮಗೆ ಕಳೆದುಹೋಯಿತು ಎಂದು ನನ್ನದನ್ನೂ ಕಸಿಯುತ್ತೀರೇನು ಎಂದು ಮನಸ್ಸಿನಲ್ಲೇ ನಿಮ್ಮ ಜೊತೆ ಜಗಳಕ್ಕೆ ಬಿದ್ದೆ. ಮಚ್ಛೆ ದಾಟುವಾಗ ನನ್ನ ಜಗಳ ನನಗೇ ಕೇಳಿಸಿತು. ಇಷ್ಟು ಬರೆದ ಮೇಲೆ ಅದರ ಅರ್ಥ ತಿಳಿಯುತ್ತಿದೆ, ನಿಮ್ಮ ಸಲುವಾಗಿ ಆಗಿದ್ದರೆ, ನೀವು ಬೇಡ ಅಂದ ಗಳಿಗೆಗೇ ಅದು ಮುಗಿಯಬೇಕಿತ್ತು. ಮುಗಿಯಲಿಲ್ಲ.

ಶುರುವಾದದ್ದು ನಿಮ್ಮ ಸಲುವಾಗಿಯೇ, ಅದನ್ನು ಅಲ್ಲ ಅನ್ನುವುದಿಲ್ಲ. ಈಗ ನೀವು ಬಿಡು ಅಂದರೂ ಬಿಡಲಾರೆ. ಫೋನು ಚೀಲದಲ್ಲಿ ಇಟ್ಟುಬಿಟ್ಟೆ. ಈಸ್ಟರ್ ಭಾನುವಾರ ಅಯ್ಯನವರು ಎಲ್ಲರ ಮುಂದೆ ನಂಬುತ್ತೀಯಾ ಎಂದು ಕೇಳುತ್ತಾರೆ, ನಂಬುತ್ತೇನೆ ಎನ್ನುತ್ತೇನೆ. ಆ ಮಾತಿನ ಹಿಂದೆ ಎಷ್ಟು ಸಂಶಯ ಇದೆ ಎಂದು ನಿಮಗೆ ಈ ಕಾಗದದಲ್ಲಿ ಹೇಳಿದ್ದೇನೆ, ಅವನಿಗೂ ಹೇಳಿದ್ದೇನೆ.

ನೀವು ಬಂದರೆ ನನಗೆ ಬಹಳ ಸಂತೋಷ. ಮುಂದಿನ ಸಾಲಿನಲ್ಲಿ ಕೂರಬೇಕಾಗಿಲ್ಲ, ಹಾಡಬೇಕಾಗಿಲ್ಲ. ಯಾರಾದರೂ ನಿಮ್ಮ ನಂಬಿಗಿಯನ್ನು ಹೊಗಳಲು ಬಂದರೆ ನಾನು ನೋಡಿಕೊಳ್ಳುತ್ತೇನೆ. ಬರಲಾಗದಿದ್ದರೆ ಬರಬೇಡಿ, ಅದಕ್ಕೂ ನನ್ನ ತಕರಾರಿಲ್ಲ. ನೀವು ನನ್ನನ್ನು ಇಷ್ಟು ವರ್ಷ ಕರೆಯದೆ ಇಟ್ಟುಕೊಂಡಿರಿ, ನಾನೂ ನಿಮ್ಮನ್ನು ಹಾಗೆಯೇ ಇಟ್ಟುಕೊಳ್ಳಬಲ್ಲೆ. ಆದರೆ ಬಂಡೆಪ್ಪನಿಗೆ ನೀವು ಸುಳ್ಳು ಹೇಳಲಿಲ್ಲ. ಇದನ್ನು ಮಾತ್ರ ಕೇಳಿಸಿಕೊಳ್ಳಿ. ಅಲ್ಲಿ ಯಾರೋ ಇದ್ದರು ಅತ್ತೆ, ನಾನು ಪಕ್ಕದಲ್ಲೇ ಕೂತಿದ್ದೆ.

ದೇವರು ನಿಮ್ಮನ್ನು ಚೆನ್ನಾಗಿ ಇಡಲಿ ಎಂದು ಬರೆದರೆ ನೀವು ಕಾಗದ ಮಡಿಚಿ ಇಡುತ್ತೀರಿ. ಆದ್ದರಿಂದ ಇಷ್ಟೇ ಬರೆಯುತ್ತೇನೆ. ಚೆನ್ನಾಗಿರಿ, ಗುಳಿಗೆ ತಪ್ಪಿಸಬೇಡಿ. ಇಡುವವರು ಯಾರು ಎಂಬ ಚಿಂತೆ ಸದ್ಯಕ್ಕೆ ನನಗಿರಲಿ.

ನಿಮ್ಮ ಮಾತನ್ನು ಮೊದಲ ಸಲ ಮೀರಿದ ಸೊಸೆ,
ಅನುರಾಧಾ